ಹೀರಾಬಾಯಿ ತೂಗಿ ತರುಬಿದ ಕುರಿಗಳು

ಠಾಣಾ ಕುಶನೂರಿನ ಹೀರಾಬಾಯಿ ತನ್ನ ಜೀವಮಾನದಲ್ಲಿ ಯಾವ ಕೆಲಸವನ್ನೂ ಗಡಿಬಿಡಿಯಲ್ಲಿ ಮಾಡಿದವಳಲ್ಲ. ಭಾಲ್ಕಿ ಸಂತೆಯಲ್ಲಿ ಒಂದು ಟಗರು ಕೊಳ್ಳಬೇಕೆಂದರೆ ಬೆಳಗ್ಗೆಯೇ ಹೋಗಿ ಅದರ ಹಲ್ಲು ನೋಡುವಳು, ಗೊರಸು ನೋಡುವಳು, ನಾಲ್ಕು ಮಾರು ನಡೆಸಿ ನೋಡುವಳು. ಆಮೇಲೆ ಬೇವಿನ ಗಿಡದ ನೆರಳಿಗೆ ಕೂತು ಸುಮ್ಮನೆ ಅದರ ಮುಖವನ್ನೇ ನೋಡುತ್ತ ಇದ್ದುಬಿಡುವಳು. ಮಾರುವವನಿಗೆ ತಲೆ ಕೆಟ್ಟು ಹೋಗುತ್ತಿತ್ತು.

"ತಗೊಳ್ಳೂದಿದ್ರ ತಗೋ, ಇಲ್ಲಂದ್ರ ಬಿಡು ನಮ್ಮವ್ವಾ. ಅದರ ಜೋಡಿ ಏನ್ ಲಗ್ನದ ಸೋಯರಿಕಿ ಮಾಡ್ಲಾಕತ್ತೀಯಾ?" ಎಂದು ಒಬ್ಬ ರೇಗಿದ್ದನಂತೆ.

"ಹೂಂ ಮತ್ತ, ಸೋಯರಿಕಿನೇ ನೋಡ್ಲಾಕತ್ತೀನಿ. ಇದರ ತಾಯಿ ಯಾವ ಊರಾಕಿ ಹೇಳು ಮೊದಲ," ಎಂದಳಂತೆ ಹೀರಾಬಾಯಿ.

ಊರಿನವರು ಅವಳಿಗೆ 'ಸಾವಕಾಶದ ಬಾಯಿ' ಎಂದು ಹೆಸರಿಟ್ಟಿದ್ದರು. ಚೇಷ್ಟೆಗೆ ಇಟ್ಟ ಹೆಸರು. ಅವಳಿಗೆ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಚೇಷ್ಟೆ ಮಾಡಿದವರೇ ಮುಂದಿನ ವರ್ಷ ಆ ಟಗರಿಗೆ ಹುಟ್ಟಿದ ಮರಿಗಳನ್ನು ನೋಡಲು ಬಂದು, ಕಣ್ಣರಳಿಸಿ, ಒಂದನ್ನು ನಮಗೂ ಕೊಡು ಎಂದು ಕೇಳುತ್ತಿದ್ದರು. ಕೊಡುವುದಕ್ಕೂ ಅವಳು ಅಷ್ಟೇ ಹೊತ್ತು ತೆಗೆದುಕೊಳ್ಳುತ್ತಿದ್ದಳು.

ಅವಳ ಗಂಡನ ಮನೆತನದಲ್ಲಿ ಒಂದು ರೂಢಿಯಿತ್ತು. ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ಅಂಗಳದಲ್ಲಿ ಕರಿ ಕಂಬಳಿ ಹಾಸಿ, ನಡುವೆ ಒಂದು ಚಿಟಿಕೆ ಭಂಡಾರ ಇಟ್ಟು, ಮನೆಮಂದಿಯೆಲ್ಲ ಸುತ್ತ ಕೂರಬೇಕು. ಮೊದಲು ಆ ಕೆಲಸ ಯಾಕೆ ಬೇಡ ಎಂಬುದನ್ನಷ್ಟೇ ಹೇಳಬೇಕು. ಬೇಡ ಎನ್ನುವ ಮಾತೆಲ್ಲ ಮುಗಿದು, ಇನ್ನು ಯಾರ ಬಾಯಲ್ಲೂ ಏನೂ ಉಳಿದಿಲ್ಲ ಎಂದಾದ ಮೇಲೆ ಬೇಕು ಎನ್ನುವ ಮಾತು ಶುರು. ಕಡೆಗೆ ಆ ಅರಿಶಿನವನ್ನು ಹಣೆಗೆ ಹಚ್ಚಿಕೊಂಡು ಏಳುವುದು. ಎದ್ದ ಮೇಲೆ 'ನನಗೆ ಗೊತ್ತಿರಲಿಲ್ಲ' ಎನ್ನುವ ಹಕ್ಕು ಯಾರಿಗೂ ಇಲ್ಲ. ಗಂಡ ಧೊಂಡಿಬಾನಿಗೆ ಈ ಕೂಟವೆಂದರೆ ಆಕಳಿಕೆ. ಅತ್ತೆ ಸಖುಬಾಯಿ ಬೇಡ ಎನ್ನಲು ಕಾರಣ ಹುಡುಕುವುದರಲ್ಲಿ ಎತ್ತಿದ ಕೈ. ಹೀರಾಬಾಯಿ ಮಾತ್ರ ಮದುವೆಯಾಗಿ ಬಂದ ವರ್ಷವೇ ಈ ರೂಢಿಯನ್ನು ತವರಿನ ವಸ್ತುವಿನಂತೆ ಅಪ್ಪಿಕೊಂಡುಬಿಟ್ಟಳು.

ಬೇಸಿಗೆ ಬಂತೆಂದರೆ ಅವರ ಕುರಿಗಳು ರಾತ್ರಿ ಹೊತ್ತು ಹೊಲಗಳಲ್ಲಿರುತ್ತಿದ್ದವು. ಕೊಯ್ಲಾದ ಹೊಲದಲ್ಲಿ ಹಿಂಡನ್ನು ತರುಬಿ ಮಲಗಿಸಿದರೆ ಹಿಕ್ಕೆ ಬಿದ್ದು ನೆಲಕ್ಕೆ ಒಳ್ಳೆಯ ಗೊಬ್ಬರ. ಅದಕ್ಕೆ ಹೊಲದ ಒಡೆಯ ಜೋಳ ಕೊಡುತ್ತಾನೆ. ಹಳ್ಳದ ದಂಡೆಯ ಅಬ್ದುಲ ವಾಹೀದನ ಹೊಲದಲ್ಲಿ ಧೊಂಡಿಬಾನ ಅಪ್ಪನ ಕಾಲದಿಂದಲೂ ಇವರದೇ ಕುರಿ. ಮೊದಲ ಮಳೆಗೆ ಹಿಂಡು ಎಬ್ಬಿಸುವಾಗಲೇ ಮುಂದಿನ ಬೇಸಿಗೆಯ ಮಾತೂ ಆಗಿಬಿಡುತ್ತಿತ್ತು. ವಾಹೀದ ಮೃದು ಮನುಷ್ಯ. ಅವನ ಹೆಂಡತಿ ಅಜೀಜಾ ಬೇಗಂ ಜೋಳದ ಜೊತೆಗೆ ಹೀರಾಬಾಯಿಗೆಂದು ಒಂದಿಷ್ಟು ಬೆಲ್ಲ ಕಟ್ಟಿಡುವಳು. ಸಾವಿರದ ಒಂಬೈನೂರ ನಲವತ್ತೆಂಟರ ಮಳೆಗಾಲದ ಮೊದಲಲ್ಲೂ ಮಾತಾಗಿತ್ತು, ಬೆಲ್ಲವೂ ಬಂದಿತ್ತು.

ಆ ವರ್ಷ ಹೇಗೆ ಹೋಯಿತೆಂದು ಆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಜಾಮನ ಕಡೆಯ ರಜಾಕಾರರು ಬಂದು ಹೀರಾಬಾಯಿಯ ಟಗರುಗಳನ್ನು ಎಳೆದೊಯ್ದರು, ಜೋಳದ ಕಣಿಕೆಯ ಬಣಿವೆಗೆ ಬೆಂಕಿ ಇಟ್ಟರು. ಸೆಪ್ಟೆಂಬರಿನಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು, ನಿಜಾಮನ ರಾಜ್ಯ ಮುಗಿಯಿತು, ಜನ ಕುಣಿದರು. ಕುಣಿದ ಜನರಲ್ಲೇ ಕೆಲವರು ಮರುವಾರ ಕೊಡಲಿ ಹಿಡಿದು ಹೊರಟರು. ಯಾರಿಗೂ ಕೆಟ್ಟದ್ದು ಮಾಡದ ಅಬ್ದುಲ ವಾಹೀದ ತನ್ನ ಮನೆಯ ಮುಂದೆಯೇ ಸತ್ತ. ಅಜೀಜಾ ಬೇಗಂ ಎರಡು ಮಕ್ಕಳನ್ನು ಕಟ್ಟಿಕೊಂಡು ಎತ್ತಲೋ ಹೋದಳು. ಬದುಕಿದ್ದಾಳೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಕೇಳಿದವರೂ ಕಡಿಮೆ.

ಬೇಸಿಗೆ ಹೊತ್ತಿಗೆ ಔರಾದ ಕಚೇರಿಗೆ ಮದ್ರಾಸ್ ಕಡೆಯಿಂದ ಹೊಸ ಸಾಹೇಬರು ಬಂದರು. ಒಡೆಯರು ಬಿಟ್ಟುಹೋದ ಹೊಲಗಳಿಗೆ ತನಿಖೆಯಾಗುವ ತನಕ ಯಾರೂ ನೇಗಿಲು ಇಳಿಸಕೂಡದು, ದನ ಕುರಿ ಬಿಡಕೂಡದು ಎಂದು ಡಂಗುರ ಹೊಡೆಸಿದರು. ಹುಕುಂ ಒಳ್ಳೆಯದೇ. ಆದರೆ ಪಕ್ಕದ ಹೊಲದ ಶಿವರಾಜಪ್ಪ ಆ ಡಂಗುರಕ್ಕೂ ಮೊದಲೇ ವಾಹೀದನ ಹೊಲದ ಒಂದು ಮೂಲೆಯನ್ನು ಉತ್ತುಬಿಟ್ಟಿದ್ದ. ವಾಹೀದ ಬಾಯಿಮಾತಿನಲ್ಲಿ ಹೊಲ ನನಗೆ ಬಿಟ್ಟುಕೊಟ್ಟಿದ್ದ, ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ ಎಂದು ಕಟ್ಟೆಯ ಮೇಲೆ ಕೂತು ಹೇಳತೊಡಗಿದ. ಶಿವರಾಜಪ್ಪ ಕೊಲೆಗಡುಕನಲ್ಲ. ಆಸೆಬುರುಕ, ಅಷ್ಟೇ. ಆ ದಿನಗಳಲ್ಲಿ ಆಸೆಬುರುಕರಿಗೆ ಅಡ್ಡ ಬರುವವರೇ ಇರಲಿಲ್ಲ.

ಹೀರಾಬಾಯಿ ಕಂಬಳಿ ಹಾಸಿದಳು.

"ಬ್ಯಾಡ," ಎಂದು ಸಖುಬಾಯಿ ಮೊದಲುಮಾಡಿದಳು. "ಸರ್ಕಾರದ ಹುಕುಂ ಅದ. ಡಂಗುರ ನಾನೂ ಕೇಳೀನಿ."

"ಶಿವರಾಜಪ್ಪ ಬಲಾಢ್ಯ ಮನಶ್ಯಾ," ಎಂದ ಧೊಂಡಿಬಾ. "ನಾಳಿ ಅವನ ಹೊಲದಾಗ ನಮ್ಮ ಕುರಿ ಹಾಯ್ಲಾಕ ಬಿಡಂಗಿಲ್ಲ."

"ಮಂದಿ ಏನಂತಾರ? ತುರಕರ ಹೊಲಾ ಕಾಯ್ಲಾಕತ್ತಾರ ಅಂತಾರ. ನಮ್ಮ ಟಗರು ಒಯ್ದವ್ರು ಯಾರು, ಮರತೀರೇನು?" ಎಂದಳು ಮತ್ತೆ ಸಖುಬಾಯಿ.

ಹೀರಾಬಾಯಿ ತಾನೂ ಬೇಡದ ಕಾರಣಗಳನ್ನು ಹುಡುಕಿ ಹುಡುಕಿ ಹೇಳಿದಳು. ಬಿಸಿಲು ಇಳಿಯುವ ತನಕ ಅದೇ ನಡೆಯಿತು. ಎಲ್ಲ ಮುಗಿದ ಮೇಲೆ ಅವಳು ಹೇಳಿದ ಬೇಕು ಎಂಬ ಮಾತು ಚಿಕ್ಕದು.

"ಟಗರು ಒಯ್ದವ್ರು ಬ್ಯಾರೆ, ವಾಹೀದ ಬ್ಯಾರೆ. ಈ ಬ್ಯಾಸಗಿ ಕುರಿ ನಿನ್ನ ಹೊಲದಾಗ ತರುಬ್ತೇವಿ ಅಂತ ಅವಗ ಮಾತು ಕೊಟ್ಟೇವಿ. ಅಂವ ಸತ್ತಾನ, ನಾವು ಇನ್ನಾ ಜೀವಂತ ಅದೇವಿ. ಬ್ಯಾರೆದವ್ರ ನೇಗಲಾ ಅಲ್ಲಿ ಇಳೀಬಾರದು."

ಮೂವರೂ ಭಂಡಾರ ಹಚ್ಚಿಕೊಂಡು ಎದ್ದರು. ಆ ಸಂಜೆಯಿಂದಲೇ ವಾಹೀದನ ಹೊಲದಲ್ಲಿ ಹಿಂಡು ಮಲಗತೊಡಗಿತು. ಹೀರಾಬಾಯಿ ಮುಚ್ಚುಮರೆ ಮಾಡಲಿಲ್ಲ. ದಾರಿಯಲ್ಲಿ ಹೋಗುವವರು ಕೇಳಿದರೆ, ಅಜೀಜಾ ಬೇಗಂಳ ಹೊಲಕ್ಕೆ ಗೊಬ್ಬರ ಹಾಕುತ್ತಿದ್ದೇವೆ ಎಂದೇ ಹೇಳುತ್ತಿದ್ದಳು. ಶಿವರಾಜಪ್ಪ ಹುಕುಮಿನ ಹೆದರಿಕೆಗೆ ಕತ್ತಲಿರುವಾಗಲೇ ಎತ್ತು ಹೊಡೆದುಕೊಂಡು ಬಂದು ನೋಡಿ, ನೇಗಿಲು ಇಳಿಸಲು ಜಾಗವೇ ಇಲ್ಲದೆ, ಗೊಣಗಿಕೊಂಡು ಹಿಂದಿರುಗುತ್ತಿದ್ದ. ಕಡೆಗೆ ಔರಾದಿಗೆ ಹೋಗಿ ಅರ್ಜಿ ಬರೆಯುವವನಿಂದ ಸಾಹೇಬರಿಗೆ ಒಪ್ಪುವಂತೆ ಇಂಗ್ಲಿಷಿನಲ್ಲೇ ದೂರು ಬರೆಸಿದ. ಹೀರಾಬಾಯಿಗೆ ಕಚೇರಿಯ ಕರೆ ಬಂತು.

ಧೊಂಡಿಬಾ ಹೌಹಾರಿ, ಭಾಲ್ಕಿ ಮೂಲದ, ಬೀದರಿನಲ್ಲಿ ವಕಾಲತ್ತು ಮಾಡುವ ವಸಂತರಾಯರನ್ನು ಹಿಡಿದ. ವಸಂತರಾಯರು ಎಳೆಯ ವಕೀಲರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಕಚೇರಿಯಲ್ಲಿ ಉರ್ದು, ಈಗ ಕಾಲ ಬದಲಾದ ಮೇಲೆ ಇಂಗ್ಲಿಷು. ಹೈದರಾಬಾದಿನ ಕಾಲೇಜಿನಲ್ಲಿ ಓದುವಾಗ ಅವರಿಗೊಂದು ಹುಚ್ಚು ಅಂಟಿಕೊಂಡಿತ್ತು. ಯಾವ ಶಬ್ದ ಸಿಕ್ಕರೂ ಅದು ಎಲ್ಲಿಂದ ಬಂತೆಂದು ಅಗೆಯಬೇಕು. ಜೊತೆಯ ವಕೀಲರು ಇದಕ್ಕೆ ನಗುತ್ತಿದ್ದರು.

ಕಚೇರಿಗೆ ಹಿಂದಿನ ದಿನ ಔರಾದಿನ ಚಹಾದ ಹೋಟೆಲಿನಲ್ಲಿ ಕೂತು ವಸಂತರಾಯರು ಹೀರಾಬಾಯಿಗೂ ಧೊಂಡಿಬಾನಿಗೂ ದೂರನ್ನು ಓದಿ ಹೇಳಿದರು. ಓದುತ್ತ ಓದುತ್ತ ಒಂದು ಕಡೆ ನಿಂತರು.

"ಯಾಕ ನಿಂತ್ರಿ ವಕೀಲರ? ಬಾಳ ಕೆಟ್ಟ ಬೈಗಳ ಅದ ಏನ್ರಿ?" ಎಂದಳು ಹೀರಾಬಾಯಿ.

"ಬೈಗಳ ಅಲ್ಲ ಬಾಯಿ. ನೀವು ಡೆಲಿಬರೇಟ್ ಆಗಿ ಕುರಿ ತರುಬೀರಿ ಅಂತ ಬರಸ್ಯಾನ. ಜಾನ್‌ಬೂಝ್‌ಕರ್. ಬೇಕಂತ."

ಹೀರಾಬಾಯಿಗೆ ಸಮಾಧಾನವಾಗಲಿಲ್ಲ. "ಬೇಕಂತ ಮಾಡೂದು ಅಂದ್ರ ಹೊಟ್ಟಿಕಿಚ್ಚಿಗೆ ಮಾಡೂದ್ರಿ. ಅಂಥಾ ಕೆಲಸ ನಾ ಮಾಡಿಲ್ಲ. ಆ ಇಂಗ್ಲಿಷ್ ಶಬ್ದದ ತಳಿ ಯಾವುದ್ರಿ? ಅದರ ತಾಯಿ ಯಾರು?"

ವಸಂತರಾಯರು ಇಷ್ಟು ವರ್ಷ ಈ ಪ್ರಶ್ನೆಗಾಗಿಯೇ ಕಾದಿದ್ದರೆಂದು ಕಾಣುತ್ತದೆ. ಇನ್ನೊಂದು ಚಹಾ ಹೇಳಿದರು.

"ಲ್ಯಾಟಿನ್ ಅಂತ ಒಂದು ಹಳೇ ಭಾಷಾ ಇತ್ತು ಬಾಯಿ, ನಮ್ಮ ಸಂಸ್ಕೃತ ಇದ್ದಂಗ. ಅದರಾಗ ಲಿಬ್ರಾ ಅಂದ್ರ ತಕ್ಕಡಿ. ಪಂಚಾಂಗದಾಗ ನಾವು ತುಲಾ ರಾಶಿ ಅಂತೇವಿ ನೋಡ್ರಿ, ಇಂಗ್ಲಿಷಿನವ್ರು ಅದಕ್ಕ ಇವತ್ತಿಗೂ ಲಿಬ್ರಾ ಅಂತಾರ. ಆ ತಕ್ಕಡಿ ಹೊಟ್ಟಿಲೆ ಹುಟ್ಟಿದ ಶಬ್ದ ಇದು. ಮನಸಿನಾಗ ಎರಡೂ ಕಡಿ ಇಟ್ಟು ಛಂದಾಗಿ ತೂಗೂದು, ಅದೇ ಡೆಲಿಬರೇಟ್. ಹಿರ್ಯಾರು ಕೂಡಿ ಕೂತು ಹೀಂಗ ಮಾಡೂನಾ ಹಾಂಗ ಮಾಡೂನಾ ಅಂತ ವಿಚಾರ ಮಾಡೂದಕ್ಕೂ ಅದೇ. ಗಡಿಬಿಡಿ ಇಲ್ಲದ ಸಾವಕಾಶ ಹೆಜ್ಜಿ ಇಡಾಂವಗೂ ಅದೇ ಶಬ್ದ."

"ಅಯ್ಯ, ಇದು ನಮ್ಮ ಮಂದಿನೇ ಆಯ್ತಲ್ರಿ!" ಎಂದು ಧೊಂಡಿಬಾ ಹೆಂಡತಿಯ ಕಡೆ ನೋಡಿ ನಕ್ಕ.

"ಲಿಬರ್ಟಿ ಅಂತ ಇನ್ನೊಂದು ಶಬ್ದ ಅದ. ಸ್ವಾತಂತ್ರ್ಯ. ನೋಡ್ಲಾಕ ಇದರಂಗೇ ಕಾಣ್ತದ, ಆದ್ರ ಅದರ ತಾಯಿ ಬ್ಯಾರೆ."

"ಇರ್ತಾವ್ರಿ, ನಮ್ಮ ಕುರಿ ಒಳಗೂ ಹಂಥಾವು ಇರ್ತಾವ. ಮತ್ತ ಇಷ್ಟ ಛಲೋ ತಳಿ ಶಬ್ದ ಗುನ್ಹೆದಾಗ ಯಾಕ ಹೊಕ್ಕಿತು?"

"ತಿಳೀದೆ ಮಾಡಿದ ತಪ್ಪಿಗಿಂತ ತೂಗಿ ನೋಡಿ ಮಾಡಿದ ತಪ್ಪು ವಜ್ಜಿ ಅಂತ ಕಾಯ್ದೆ ಹೇಳ್ತದ. ಅದಕ್ಕ."

ಹೀರಾಬಾಯಿ ಅದಕ್ಕೆ ತಲೆದೂಗಿದಳು. ಕಾಯ್ದೆ ಹೇಳುವುದು ಸರಿ ಎಂದೇ ಅವಳಿಗೆ ಅನ್ನಿಸಿತು. ವಸಂತರಾಯರು ಅಷ್ಟರಲ್ಲಿ ಹುಚ್ಚು ಬಿಟ್ಟು ವಕೀಲರಾದರು. ದಾರಿ ಸುಲಭವಿದೆ ಎಂದರು. ಕುರಿಗಳು ರಾತ್ರಿ ದಾರಿ ತಪ್ಪಿ ಆ ಹೊಲಕ್ಕೆ ನುಗ್ಗಿದವು, ನನಗೆ ಗೊತ್ತಾಗಲಿಲ್ಲ ಎಂದರೆ ಸಾಹೇಬರು ಒಂದು ಎಚ್ಚರಿಕೆ ಕೊಟ್ಟು ಮನೆಗೆ ಕಳಿಸುತ್ತಾರೆ. ತಿಳಿದೇ ತರುಬಿದೆ ಎಂದರೆ ಹುಕುಂ ಮುರಿದ ತಪ್ಪಿಗೆ ಜೈಲು.

"ಇನ್ನೊಂದು ಮಾತು ಅದ. ನಾ ನಿಮ್ಮ ವಕೀಲ, ಮುಚ್ಚಿಡಬಾರದು," ಎಂದು ಅವರು ದನಿ ತಗ್ಗಿಸಿದರು. "ಅಜೀಜಾ ಬೇಗಂ ಬದುಕ್ಯಾರ. ಬೀದರದಾಗ, ಮೈಲೂರದಾಗ ಅವರ ಅಕ್ಕನ ಮನ್ಯಾಗ ಅದಾರ. ಹೊಲಾ ನಂದು ಅಂತ ಇದೇ ಸಾಹೇಬರಿಗೆ ಅರ್ಜಿ ಕೊಟ್ಟಾರ. ಆದ್ರ ಇಲ್ಲಿ ಬರ್ಲಾಕ ಅವರಿಗಿ ಧೈರ್ಯ ಇಲ್ಲ, ಅವರ ಕಡಿ ಸಾಕ್ಷಿ ಹೇಳಾವ್ರು ಒಬ್ರೂ ಇಲ್ಲ. ಈ ವರ್ಷ ಹೊಲಾ ಯಾರ ಸಲುವಾಗಿ ನಡದದೋ ಅವರೇ ಬಿತ್ತಲಿ ಅಂತ ಸಾಹೇಬರು ಅಂದಾರ. ಕುರಿ ತಪ್ಪಿ ಬಂದ್ವು ಅಂದ್ರ ಅಲ್ಲಿ ದುಡದಾಂವ ಶಿವರಾಜಪ್ಪ ಒಬ್ಬನೇ ಅಂತ ಆಗ್ತದ, ಹೊಲಾ ಅವಂದು. ವಾಹೀದನ ಮಾತಿನ ಪ್ರಕಾರ ಅವನ ಮನಿಯವರ ಸಲುವಾಗಿ ತರುಬೀನಿ ಅಂದ್ರ ಹೊಲಾ ಬೇಗಂದು. ನೀವು ಜೈಲಿಗಿ."

ಬೇಗಂ ಬದುಕಿದ್ದಾಳೆ ಎಂದಾಗಲೇ ಹೀರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಉಳಿದ ಮಾತು ಅವಳಿಗೆ ಎಷ್ಟು ಕೇಳಿಸಿತೋ. ಧೊಂಡಿಬಾ ಮಾತ್ರ ಪೂರ್ತಿ ಕೇಳಿಸಿಕೊಂಡು ಹೆಂಡತಿಯ ಕಡೆ ತಿರುಗಿದ.

"ಹೀರಾ, ತಪ್ಪಿ ಹೋದ್ವು ಅಂದುಬಿಡು. ಒಂದು ಮಾತಿಗಿ ಏನ್ ಹೋಗ್ತದ? ಜೈಲು ಅಂದ್ರ ಹುಡುಗಾಟಕಿ ಅಲ್ಲ. ಅವ್ವಗ ಕಣ್ಣು ಕಾಣಂಗಿಲ್ಲ, ಮರಿ ಹಾಕೂ ಕಾಲ."

ಈ ಮಾತಿಗೆ ಅವಳಿಗೆ ಸಿಟ್ಟು ಬಂತು. ಬೇಗಂಳ ಹೊಲದ ಮಾತು ಹಾಗಿರಲಿ, ಕುರಿ ಕಾಯುವವಳ ಬಾಯಲ್ಲಿ ಕುರಿ ತಪ್ಪಿ ಹೋದವು ಎಂಬ ಮಾತು ಬರಿಸುವುದೆಂದರೆ ಏನು! ಅಡಿಗೆಯವನ ಹತ್ತಿರ ಅನ್ನ ಸೀದಿತ್ತು ಎಂದು ಹೇಳಿಸಿದ ಹಾಗೆ. ಅವಳ ಹಿಂಡಿನ ಒಂದು ಮರಿ ಕೂಡ ಇವತ್ತಿನ ತನಕ ಇನ್ನೊಬ್ಬರ ಬೆಳೆಗೆ ಬಾಯಿ ಹಾಕಿರಲಿಲ್ಲ.

"ನೀ ಕಂಬಳಿ ಮ್ಯಾಲ ಕೂತಿದ್ದಿ," ಎಂದಳು ಗಂಡನಿಗೆ. "ಮರಿ ಹಾಕೂ ಕಾಲ ಅಂತ ಆವಾಗ ಹೇಳಬೇಕಾಗಿತ್ತು."

ಮರುದಿನ ಕಚೇರಿ ತುಂಬಿತ್ತು. ಕುಶನೂರಿನಿಂದಲೇ ಬಂಡಿ ಕಟ್ಟಿಕೊಂಡು ಬಂದವರಿದ್ದರು. ಸಾಹೇಬರಿಗೆ ಕನ್ನಡ ಬಾರದು, ಪೇಶಕಾರ ಎಂಬ ಗುಮಾಸ್ತ ನಡುವೆ ನಿಂತು ಆಚೆಯ ಮಾತನ್ನು ಈಚೆಗೆ, ಈಚೆಯದನ್ನು ಆಚೆಗೆ ಮಾಡುತ್ತಿದ್ದ. ಶಿವರಾಜಪ್ಪ ಹೊಸ ರುಮಾಲು ಸುತ್ತಿಕೊಂಡು ಮುಂದೆಯೇ ನಿಂತಿದ್ದ.

ಸಾಹೇಬರು ಸಜ್ಜನರು. ಬಿಸಿಲಿಗೆ ಕಂದಿದ ಮುಖದ ಈ ಹೆಂಗಸನ್ನು ನೋಡಿ ಅವರ ಮನಸ್ಸು ಮೆತ್ತಗಾಯಿತು. ಓದು ಬರಹ ಇಲ್ಲದವಳು, ಹುಕುಂ ತಿಳಿದಿರಲಿಕ್ಕಿಲ್ಲ, ಕತ್ತಲಲ್ಲಿ ಕುರಿ ಹಾದು ಹೋಗಿರಬಹುದು, ಹಾಗಿದ್ದರೆ ಹಾಗೆಂದು ಹೇಳಲಿ ಎಂದು ತಾವೇ ಬಾಗಿಲು ತೆರೆದಿಟ್ಟರು. ಪೇಶಕಾರ ಅದನ್ನು ಕನ್ನಡಕ್ಕೆ ತಂದು, ಹೂಂ ಅನ್ನು ಎಂಬಂತೆ ಕಣ್ಣಿನಲ್ಲೇ ಸನ್ನೆ ಮಾಡಿದ.

"ಹುಕುಂ ಗೊತ್ತಿತ್ರಿ. ಡಂಗುರ ಹೊಡದಾಂವ ನಮ್ಮ ಬಾಗಲಾಗೇ ನೀರು ಕುಡದು ಹೋಗ್ಯಾನ," ಎಂದಳು ಹೀರಾಬಾಯಿ. "ಕುರಿ ತಪ್ಪಿ ಹೋಗಿಲ್ಲ. ನಾ ಹೊಡಕೊಂಡು ಹೋಗಿ ತರುಬೀನಿ."

ವಸಂತರಾಯರು ಎದ್ದು ನಿಂತರು. ರಾತ್ರಿಯಿಡೀ ಏನು ವಾದಿಸಬೇಕೆಂದು ಹೊಂದಿಸಿಟ್ಟುಕೊಂಡಿದ್ದನ್ನೆಲ್ಲ ಬಿಟ್ಟರು. ದೂರುದಾರರು ಬಳಸಿದ ಶಬ್ದ ಸರಿಯಾಗಿದೆ, ನಾವು ಅದನ್ನು ಪೂರ್ತಿ ಒಪ್ಪುತ್ತೇವೆ, ಅದು ಹೇಗೆ ಸರಿ ಎಂಬುದನ್ನು ಸಾಹೇಬರು ಈ ಬಾಯಿಯಿಂದಲೇ ಕೇಳಬೇಕು ಎಂದು ಇಂಗ್ಲಿಷಿನಲ್ಲಿ ಅರಿಕೆ ಮಾಡಿಕೊಂಡರು.

ಹೀರಾಬಾಯಿ ಎಲ್ಲ ಹೇಳಿದಳು. ಕಂಬಳಿ ಹಾಸಿದ್ದು, ಯಾರು ಯಾವ ಕಾರಣಕ್ಕೆ ಬೇಡ ಎಂದರು, ಆಮೇಲೆ ತಾನು ಏನೆಂದಳು, ವಾಹೀದನಿಗೆ ಕೊಟ್ಟ ಮಾತೇನು, ಎಲ್ಲ. ಅವಳ ಹೇಳಿಕೆ ಅವಳ ನಡಿಗೆಯಷ್ಟೇ ಸಾವಕಾಶ. ಪೇಶಕಾರನಿಗೆ ತರ್ಜುಮೆ ಮಾಡಲು ಒಂದಿಷ್ಟೂ ಕಷ್ಟವಾಗಲಿಲ್ಲ. ಕೇಳುತ್ತ ಕೇಳುತ್ತ ಸಾಹೇಬರು ಕೈಯಲ್ಲಿದ್ದ ಲೇಖನಿ ಕೆಳಗಿಟ್ಟರು. ಹಿಂದೆ ಪಿಸುಗುಡುತ್ತಿದ್ದ ಕುಶನೂರಿನವರೂ ಮುಂದೆ ಬಾಗಿ ಕೇಳತೊಡಗಿದರು. ಅವರಲ್ಲಿ ಎಷ್ಟೋ ಮಂದಿ ಆ ಹೊಲದ ಪಕ್ಕದಲ್ಲಿ ದಿನಾ ಹಾದು ಹೋಗುತ್ತಿದ್ದವರು.

ಆಗ ಶಿವರಾಜಪ್ಪನಿಗೆ ಎಲ್ಲಿಯದೋ ವಾಸನೆ ಬಡಿಯಿತು. ಮಾತು ಹೀಗೇ ಹೋದರೆ ಹೊಲ ಕೈಬಿಡುತ್ತದೆ. ಅವನು ರುಮಾಲು ಸರಿಮಾಡಿಕೊಂಡು ಮುಂದೆ ಬಂದ.

"ಹೋಗ್ಲಿ ಬಿಡ್ರಿ ಸಾಹೇಬರ. ಪಾಪ, ಹೆಣ್ಮಗಳು. ಕುರಿ ತಪ್ಪೇ ಬಂದಿರಬೇಕು. ನನ್ನ ದೂರು ನಾ ತಿರುಗಿ ತಗೋತೇನಿ."

"ತಪ್ಪಿ ಬಂದಿಲ್ಲ ಅಂತ ಹೇಳ್ಲಾಕತ್ತೀನಲ್ಲೋ ಶಿವರಾಜಪ್ಪ!" ಎಂದು ಹೀರಾಬಾಯಿ ಗದರಿದಳು.

"ಬಂದಿರಬೇಕು ಬಾಯಿ, ನಿಂಗ ನೆಪ್ಪಿಲ್ಲ."

ದೂರು ಕೊಟ್ಟವನು ಇವಳು ತಪ್ಪಿತಸ್ಥಳಲ್ಲ ಎನ್ನುತ್ತಾನೆ, ಆರೋಪಿ ನಾನೇ ಮಾಡಿದ್ದೇನೆ ಎನ್ನುತ್ತಾಳೆ. ಕಚೇರಿಯಲ್ಲಿ ನಗು ಎದ್ದಿತು. ಪೇಶಕಾರ ಇದನ್ನು ತರ್ಜುಮೆ ಮಾಡಿ ಹೇಳಿದಾಗ ಸಾಹೇಬರೂ ನಕ್ಕರು, ನಕ್ಕು ಮತ್ತೆ ಮುಖ ಗಂಭೀರ ಮಾಡಿಕೊಂಡು ಇನ್ನೊಮ್ಮೆ, ಕಡೆಯ ಸಲ ಕೇಳಿದರು. ತಾನು ಏನು ಹೇಳುತ್ತಿದ್ದಾಳೆ, ಅದರಿಂದ ತನಗೆ ಏನಾಗುತ್ತದೆ ಎಂಬುದು ಈಕೆಗೆ ತಿಳಿದಿದೆಯೇ?

ಹೀರಾಬಾಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ತಿಳದದ್ರಿ. ಜೈಲು ಆಗ್ತದಂತ ವಕೀಲರು ಹೇಳ್ಯಾರ. ನೀವು ನನ್ನ ಮ್ಯಾಲ ಕರುಣಾ ಮಾಡಿ ಏನೂ ತಿಳೀಲಾರದಾಕಿ ಅಂತ ಬರೀಬ್ಯಾಡ್ರಿ. ತಕ್ಕಡ್ಯಾಗ ಇಟ್ಟು ತೂಗಿ ಮಾಡ್ಯಾಳ ಅಂತ ಬರಕೊಳ್ರಿ. ಆ ಶಬ್ದಾನೇ ಬರೀರಿ."

ಸಾಹೇಬರು ಬರೆದರು. ಹುಕುಂ ತಮ್ಮದೇ ಆದ್ದರಿಂದ ಅದನ್ನು ಮುರಿದವಳಿಗೆ ಶಿಕ್ಷೆ ಕೊಡದೆ ಬಿಡುವ ದಾರಿ ಅವರಿಗೆ ಉಳಿದಿರಲಿಲ್ಲ. ಒಂದು ವಾರದ ಸಾದಾ ಸಜೆ ವಿಧಿಸಿದರು. ಅದೇ ಕೂತಲ್ಲಿ, ಹೊಲ ಅಬ್ದುಲ ವಾಹೀದನ ಮನೆಯವರ ಸಲುವಾಗಿಯೇ ನಡೆದಿದೆ, ಈ ಮಳೆಗಾಲ ಅಜೀಜಾ ಬೇಗಂಳೇ ಬಿತ್ತತಕ್ಕದ್ದು ಎಂದೂ ಬರೆದರು. ಶಿವರಾಜಪ್ಪ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡು ಹಿಂಬಾಗಿಲಿನಿಂದ ಹೋದ.

ಹೀರಾಬಾಯಿ ಬೀದರಿನ ಜೈಲಿಗೆ ಬಸ್ಸಿನಲ್ಲಿ ಹೋದಳು. ಪೊಲೀಸನ ಪಕ್ಕದಲ್ಲಿ ನೆಟ್ಟಗೆ ಕೂತು, ಕಿಟಕಿಯಿಂದ ಹೊರಗೆ ಯಾರ ಕುರಿ ಹೇಗಿವೆ ಎಂದು ನೋಡುತ್ತ ಹೋದಳು. ಅವಳನ್ನು ಕಳಿಸಲು ಬಂದ ಕುಶನೂರಿನವರಲ್ಲಿ ಒಬ್ಬರೂ ಚೇಷ್ಟೆ ಮಾಡಲಿಲ್ಲ. ಆ ಊರಿನಿಂದ ಜೈಲಿಗೆ ಹೋದವರು ಮೊದಲೂ ಇದ್ದರು, ಆಮೇಲೂ ಇದ್ದಾರೆ. ತಲೆ ಎತ್ತಿಕೊಂಡು ಹೇಳಲು ಊರಿಗೆ ಇರುವುದು ಇವಳೊಬ್ಬಳ ಹೆಸರು. ಒಳಗೆ ಅವಳು ಉಣ್ಣೆ ನೂಲುತ್ತ ಆ ವಾರ ಕಳೆದಳಂತೆ. ಧೊಂಡಿಬಾ ಊರಲ್ಲಿ ಮರಿ ಹಾಕಿಸಿಕೊಂಡ, ಒಂದೂ ಸಾಯಲಿಲ್ಲ.

ಬಿಡುಗಡೆಯ ದಿನ ಜೈಲಿನ ಬಾಗಿಲಲ್ಲಿ ಅಜೀಜಾ ಬೇಗಂ ನಿಂತಿದ್ದಳು. ಸೊರಗಿದ್ದಳು, ಗುರುತೇ ಸಿಗದಷ್ಟು. ಮೈಲೂರಿನಿಂದ ನಡೆದೇ ಬಂದಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಗೋಡೆಯ ಪಕ್ಕಕ್ಕೆ ಕೂತು ಅತ್ತರು. ವಾಹೀದನ ಹೆಸರನ್ನು ಇಬ್ಬರೂ ಎತ್ತಲಿಲ್ಲ, ಅಳು ಅವನಿಗಾಗಿಯೇ ಇತ್ತು. ಅತ್ತು ಹಗುರಾದ ಮೇಲೆ ಅಜೀಜಾ ಬೇಗಂ ಇಷ್ಟು ದಿನ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿದಳು.

"ಹೀರಾಕ್ಕಾ, ನಾ ಬದುಕೀನಿ ಅಂತ ನಿನಗ ಗೊತ್ತೇ ಇರ್ಲಿಲ್ಲ. ನಾ ಸತ್ತು ಹೋಗಿದ್ರ? ತಿರುಗಿ ಬರ್ಲಾರದೇ ಹೋಗಿದ್ರ? ಅದನ್ನ ನೀ ವಿಚಾರ ಮಾಡಿರ್ಲಿಲ್ಲೇನ?"

ಹೀರಾಬಾಯಿ ಬೇಗಂಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎಲ್ಲಾಕ್ಕಿಂತ ಮೊದಲ ಅದನ್ನೇ ವಿಚಾರ ಮಾಡೀನಿ, ಬೇಗಂ. ನೀ ಬರಂಗಿಲ್ಲ ಅಂತ ತಿಳಕೊಂಡೇ ಕುರಿ ತರುಬೀನಿ."